ಹಿತ್ತಲಲ್ಲಿ ನಿಂತ ಹಳೇ ಜಾವಾ, ಯೆಜ್ಡಿಯನ್ನು ಮನೆಯಲ್ಲೇ ಮತ್ತೆ ರಸ್ತೆಗೆ ಇಳಿಸುವುದು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಹಳೇ ಮನೆಗಳ ಹಿತ್ತಲಲ್ಲಿ, ಹೊಲದ ತಗಡಿನ ಶೆಡ್ಡಿನಲ್ಲಿ ಇನ್ನೂ ಎಷ್ಟೋ ಜಾವಾ, ಯೆಜ್ಡಿ ಬೈಕುಗಳು ನಿಂತಿವೆ. ಅಜ್ಜ ಓಡಿಸಿದ್ದು, ಕಾಕಾ ಓಡಿಸಿದ್ದು, ಆಮೇಲೆ ಯಾರೂ ಮುಟ್ಟದೆ ಬಿಟ್ಟಿದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಇವು ತಯಾರಾದವು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಂದರೆ ಕಟ್ಟಕಡೆಯ ಯೆಜ್ಡಿಗೂ ಈಗ ಹತ್ತಿರ ಹತ್ತಿರ 30 ವರ್ಷ. ಆದರೆ ಇವು ಸರಳ ಗಾಡಿಗಳು. ಬಹುತೇಕ ಎಲ್ಲಕ್ಕೂ ಒಂದೇ ಸಿಲಿಂಡರ್, ಟೂ ಸ್ಟ್ರೋಕ್, ವಾಲ್ವ್ ಇಲ್ಲ, ಅದನ್ನು ಎತ್ತುವ ಕ್ಯಾಮ್ ಇಲ್ಲ. ತಾಳ್ಮೆ ಇದ್ದವರು ಮುಕ್ಕಾಲು ಪಾಲು ಕೆಲಸವನ್ನು ಮನೆಯಲ್ಲೇ ಮಾಡಬಹುದು.

ಶುರುವಿಗೇ ಒಂದು ಮಾತು ಹೇಳಿಬಿಡುತ್ತೇನೆ. ಜಾಸ್ತಿ ಜನ ಬಣ್ಣದಿಂದ ಶುರು ಮಾಡುತ್ತಾರೆ. ಟ್ಯಾಂಕ್ ಬಿಚ್ಚಿ ಪೇಂಟಿಗೆ ಕೊಡುತ್ತಾರೆ, ಹ್ಯಾಂಡಲ್, ಸೈಲೆನ್ಸರ್ ಕ್ರೋಮಿಗೆ ಕೊಡುತ್ತಾರೆ, ಇದ್ದ ದುಡ್ಡೆಲ್ಲ ಅಲ್ಲಿ ಖರ್ಚಾಗುತ್ತದೆ, ಇಂಜಿನ್ ಗೋಣಿಚೀಲದಲ್ಲಿ ಉಳಿಯುತ್ತದೆ, ಕಡೆಗೆ ಹೊಳೆಯುವ ಟ್ಯಾಂಕಿನ ಜೊತೆ ಗಾಡಿ ಗುಜರಿಗೆ ಹೋಗುತ್ತದೆ. ನಮ್ಮ ಕಡೆಯ ಹಳೇ ಮಿಸ್ತ್ರಿಗಳು ಹೇಳುವುದು ಇಷ್ಟೇ: "ಮೊದ್ಲ ಗಾಡಿ ಓಡ್ಲಿ, ಬಣ್ಣ ಕಡೀಕ ಹಚ್ಚಸ್ರಿ." ನಾನು ಬರೆಯುವ ಕ್ರಮವೂ ಅದೇ.

ಮೊದಲು ಕಾಗದ ನೋಡಿ

ಪಾನಾ ಕೈಗೆತ್ತಿಕೊಳ್ಳುವ ಮೊದಲು ಆರ್‌ಸಿ ಹುಡುಕಿ. ಹ್ಯಾಂಡಲ್ ಕೆಳಗಿನ ಕತ್ತಿನ ಹತ್ತಿರ ಚಾಸಿ ನಂಬರ್, ಇಂಜಿನ್ ಕೇಸಿನ ಮೇಲೆ ಇಂಜಿನ್ ನಂಬರ್ ಹೊಡೆದಿರುತ್ತಾರೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಸ್ಯಾಂಡ್ ಪೇಪರ್ ಹಾಕಿ ತಿಕ್ಕಬೇಡಿ, ಅಕ್ಷರ ಸವೆದರೆ ಮತ್ತೆ ಬರುವುದಿಲ್ಲ. ಎರಡೂ ನಂಬರ್ ಆರ್‌ಸಿಗೆ ತಾಳೆ ಆಗದಿದ್ದರೆ ಗಾಡಿ ಕೊಳ್ಳಲೇಬೇಡಿ, ಎಷ್ಟು ಕಡಿಮೆಗೆ ಸಿಕ್ಕರೂ ಬೇಡ.

ಮನೆಯ ಗಾಡಿಯೇ ಆಗಿದ್ದು ಹೆಸರಿದ್ದವರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರ್ಮ್ 31 ಬೇಕು. ಬೇರೆಯವರಿಂದ ಕೊಂಡಿದ್ದರೆ 29 ಮತ್ತು 30. ಆರ್‌ಸಿ ಕಳೆದುಹೋಗಿದ್ದರೆ ನಕಲಿಗೆ 26. ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷದ್ದು, ಆಮೇಲೆ 5 ವರ್ಷಕ್ಕೊಮ್ಮೆ ಫಾರ್ಮ್ 25 ಕೊಟ್ಟು ಗಾಡಿ ತೋರಿಸಿ ನವೀಕರಿಸಬೇಕು. ಈಗ ಧಾರವಾಡಕ್ಕೆ ಕೆಎ-25, ಹುಬ್ಬಳ್ಳಿಗೆ ಕೆಎ-63, ಗದಗಕ್ಕೆ ಕೆಎ-26, ಹಾವೇರಿಗೆ ಕೆಎ-27. ನಿಮ್ಮ ಗಾಡಿಯ ನಂಬರ್ ಕೆಎ ಬರುವುದಕ್ಕೂ ಮುಂಚಿನದು, ಎಂವೈ ಅಂತ ಶುರುವಾಗುವ ಮೈಸೂರು ರಾಜ್ಯದ ಕಾಲದ್ದು ಆಗಿದ್ದರೆ, ಅದರ ದಾಖಲೆ ಕಂಪ್ಯೂಟರಿನಲ್ಲಿ ಇಲ್ಲದೆಯೂ ಇರಬಹುದು. ಆಗ ಆರ್‌ಟಿಓ ಕಚೇರಿಯಲ್ಲಿ ಹಳೇ ರಿಜಿಸ್ಟರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕಾಗುತ್ತದೆ. ಇದಕ್ಕೆ ಓಡಾಟ ಜಾಸ್ತಿ. ಅದಕ್ಕೇ ಇಂಜಿನ್ ಕೆಲಸ ನಡೆಯುವಾಗಲೇ ಇದನ್ನೂ ಶುರು ಮಾಡಿ.

ವಿಂಟೇಜ್ ನೋಂದಣಿಯ ಬಗ್ಗೆ ಬಹಳ ಜನ ಕೇಳುತ್ತಾರೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ ಮತ್ತು ಇಂಜಿನಿನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಅಂಥ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಭಾನುವಾರ ಉಣಕಲ್ ಕೆರೆ ಕಡೆ ಒಂದು ಸುತ್ತು ಹೋಗಿ ಬರಬೇಕು, ಆಫೀಸಿಗೆ ಒಯ್ಯಬೇಕು ಅನ್ನುವವರು ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಒಳ್ಳೆಯದು.

ಬಿಚ್ಚುವ ಮುಂಚೆ ಫೋಟೊ

ಗಾಡಿ ಇದ್ದ ಹಾಗೇ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಆಮೇಲೆ ಒಂದೊಂದು ಭಾಗ ಬಿಚ್ಚುವ ಮೊದಲು ಒಂದು, ಬಿಚ್ಚಿದ ಮೇಲೆ ಒಂದು. ವೈರು ಯಾವ ಕಡೆಯಿಂದ ಹೋಗಿದೆ, ವಾಷರ್ ಎಷ್ಟಿದೆ, ಕೇಬಲ್ ಫ್ರೇಮಿನ ಒಳಗೋ ಹೊರಗೋ, ಇದೆಲ್ಲ ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ನಟ್ಟು ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಸಣ್ಣ ಪ್ಲಾಸ್ಟಿಕ್ ಚೀಲ ತಂದು, "ಮುಂದಿನ ಮಡ್‌ಗಾರ್ಡ್", "ಕ್ಲಚ್ ಕವರ್" ಅಂತ ಚೀಟಿ ಹಾಕಿ ಬೇರೆ ಬೇರೆ ಇಡಿ.

ಹಳೇ ಭಾಗ ಯಾವುದನ್ನೂ ಬಿಸಾಡಬೇಡಿ. ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ. ತುಕ್ಕು ಹಿಡಿದ ಮೂಲ ಮಡ್‌ಗಾರ್ಡ್ ತಗಡು ಈಗ ಸಿಗುವ ನಕಲಿಗಿಂತ ದಪ್ಪ ಇರುತ್ತದೆ, ಫ್ರೇಮಿಗೆ ಸರಿಯಾಗಿ ಕೂಡುತ್ತದೆ. ಸವೆದ ಭಾಗವೂ ಹೊಸದನ್ನು ಅಳತೆ ಮಾಡಿ ಮಾಡಿಸುವುದಕ್ಕೆ ಬೇಕು. ಇನ್ನೊಂದು ವಿಷಯ. 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಹೊಸ ಜಾವಾ ಫೋರ್ ಸ್ಟ್ರೋಕ್ ಗಾಡಿ. ಹೆಸರು ಒಂದೇ ಆದರೂ ಅದರ ಇಂಜಿನ್ ಭಾಗ ಇದಕ್ಕೆ ಬರುವುದಿಲ್ಲ.

ಇಂಜಿನ್ ಜಾಮ್ ಆಗಿದ್ದರೆ

ಬಹಳ ವರ್ಷ ನಿಂತ ಗಾಡಿಯಲ್ಲಿ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿರುತ್ತದೆ. ಜಾವಾ, ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಜಾಮ್ ಆದ ಇಂಜಿನಿಗೆ ಅದರ ಮೇಲೆ ನಿಂತು ಒದ್ದರೆ ಒಳಗಿನ ಹಲ್ಲು ಮುರಿಯುತ್ತದೆ, ಆಗ ಪೂರ್ತಿ ಇಂಜಿನ್ ಬಿಚ್ಚಲೇಬೇಕು. ಪ್ಲಗ್ ತೆಗೆದು ಆ ತೂತಿನಿಂದ ಅರ್ಧ ಡೀಸೆಲ್, ಅರ್ಧ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನಿಗೆ ಪೆಟ್ರೋಲಿನ ಜೊತೆ ಬೆರೆಸುವ 2T ಎಣ್ಣೆ) ಸೇರಿಸಿ ಹಾಕಿ. ದಿನಾ ಸ್ವಲ್ಪ ಸ್ವಲ್ಪ ಹಾಕುತ್ತಾ ಬಿಡಿ. ಆಮೇಲೆ ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಟ್ಟರೆ ಒಳ್ಳೆಯದು. ಬಿಡದಿದ್ದರೆ ಹೆಡ್ ತೆಗೆದು ಮರದ ತುಂಡು ಇಟ್ಟು ಹಗುರವಾಗಿ ತಟ್ಟಬೇಕು, ಕಬ್ಬಿಣದ ಸುತ್ತಿಗೆ ನೇರವಾಗಿ ತಾಗಬಾರದು.

ಪಿಸ್ಟನ್ ಬಿಟ್ಟಿತು ಅಂತ ಕೂಡಲೇ ಸ್ಟಾರ್ಟ್ ಮಾಡಬೇಡಿ. ಮೊದಲು ಗೇರ್‌ಬಾಕ್ಸ್ ಆಯಿಲ್ ಇಳಿಸಿ. ಹಾಲಿನ ಬಣ್ಣ ಇದ್ದರೆ ನೀರು ಹೋಗಿದೆ ಅಂತ ಅರ್ಥ, ಬೇರಿಂಗಿಗೂ ತುಕ್ಕು ಹಿಡಿದಿರುತ್ತದೆ. ಕಬ್ಬಿಣದ ಚೂರು ಬಂದರೆ ಗೇರು ನೋಡಲೇಬೇಕು.

ಇಂಜಿನ್ ಕೆಲಸದಲ್ಲಿ ಯಾವುದು ಮನೆಯಲ್ಲಿ, ಯಾವುದು ಹೊರಗೆ

ಹೆಡ್, ಸಿಲಿಂಡರ್, ಪಿಸ್ಟನ್ ಬಿಚ್ಚುವುದು ಮನೆಯ ಕೆಲಸವೇ. ಸಿಲಿಂಡರ್ ಎತ್ತುವ ಮೊದಲು ಕ್ರ್ಯಾಂಕ್ (ಪಿಸ್ಟನ್ನಿನ ಕೆಳಗೆ ತಿರುಗುವ ಶಾಫ್ಟು) ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ, ಪಿಸ್ಟನ್ನನ್ನು ರಾಡಿಗೆ ಕೂಡಿಸುವ ಗಜನ್ ಪಿನ್ನಿನ ಲಾಕ್ ಒಳಗೆ ಬಿದ್ದರೆ ಹುಡುಕುವುದು ಕಷ್ಟ. ಆ ಲಾಕುಗಳನ್ನು ಮತ್ತೆ ಬಳಸಬೇಡಿ, ಹೊಸದನ್ನೇ ಹಾಕಿ. ಈಗ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಸರಿದರೆ ಪರವಾಗಿಲ್ಲ. ಮೇಲೆ ಕೆಳಗೆ ಟಕ್ ಅಂದರೆ ಕೆಳಗಿನ ಬೇರಿಂಗ್ ಹೋಗಿದೆ, ಕ್ರ್ಯಾಂಕ್ ಬಿಚ್ಚಬೇಕು.

ಕ್ರ್ಯಾಂಕ್ ಕೆಲಸ ಮನೆಯಲ್ಲಿ ಆಗುವುದಿಲ್ಲ. ಅದನ್ನು ಪ್ರೆಸ್ಸಿನಲ್ಲಿ ಒತ್ತಿ ಬಿಡಿಸಬೇಕು, ಹೊಸ ರಾಡ್ ಕೂಡಿಸಿ ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ನೇರ ಮಾಡಬೇಕು. ಬೋರ್ ಕೆಲಸವೂ, ಅಂದರೆ ಸವೆದ ಸಿಲಿಂಡರಿನ ಒಳಗನ್ನು ಕೊರೆದು ಸಪಾಟು ಮಾಡುವುದೂ ಹಾಗೇ. ಹುಬ್ಬಳ್ಳಿಯವರಿಗೆ ಇದು ಅನುಕೂಲ, ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಲೇಥ್ ಕೆಲಸದವರು ಬಹಳ ಇದ್ದಾರೆ. ಯಾರು ಟೂ ಸ್ಟ್ರೋಕ್ ಕ್ರ್ಯಾಂಕ್ ಮಾಡಿ ರೂಢಿ ಇದ್ದವರು ಅಂತ ವಿಚಾರಿಸಿಕೊಂಡೇ ಕೊಡಿ. ಹೋದಾಗ "ಉಸ್ತಾದ್, ಡಯಲ್ ಹಾಕಿ ತೋರಸ್ರಿ" ಅಂತ ಕೇಳಿ. ಕೆಲಸ ಗೊತ್ತಿದ್ದವರು ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ.

ಜಾವಾ 250ರ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 75 ಮಿ.ಮೀ. ಸವೆದರೆ 0.25 ಮಿ.ಮೀ. ಹೆಚ್ಚಿನ ಓವರ್‌ಸೈಜ್ ಪಿಸ್ಟನ್ ತರಬೇಕು. ಮೊದಲು ಪಿಸ್ಟನ್ ತನ್ನಿ, ಅದನ್ನು ಕೊಟ್ಟೇ ಬೋರ್ ಮಾಡಿಸಿ. ಉಲ್ಟಾ ಮಾಡಿದರೆ ಸಂದು ಜಾಸ್ತಿಯಾಗಿ ಪಿಸ್ಟನ್ ಬಡಿಯುತ್ತದೆ, ಕಡಿಮೆಯಾದರೆ ಬಿಸಿಗೆ ಹಿಡಿದುಕೊಳ್ಳುತ್ತದೆ. ಬೋರ್ ಆದ ಮೇಲೆ ಪೋರ್ಟುಗಳ (ಸಿಲಿಂಡರ್ ಗೋಡೆಯ ತೂತುಗಳ) ಅಂಚು ಚೂಪಾಗಿ ಉಳಿದಿರುತ್ತದೆ. ಆ ಅಂಚನ್ನು ಸಣ್ಣಗೆ ಉಜ್ಜಿಸಲೇಬೇಕು, ಇಲ್ಲದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ಬಹಳ ಕಡೆ ಇದನ್ನು ಮರೆಯುತ್ತಾರೆ, ಹಾಗಾಗಿ ಬೆರಳು ಆಡಿಸಿ ನೋಡಿಯೇ ಸಿಲಿಂಡರ್ ತನ್ನಿ.

ರಿಂಗನ್ನು ಬರೀ ಬೋರಿನಲ್ಲಿಟ್ಟು ಬಾಯಿಯ ಸಂದು ಫೀಲರ್ ಗೇಜಿನಿಂದ ಅಳೆಯಿರಿ, ಸುಮಾರು 0.2ರಿಂದ 0.3 ಮಿ.ಮೀ. ಇದ್ದರೆ ಸಾಕು. ಪಿಸ್ಟನ್ನಿನಲ್ಲಿ ರಿಂಗ್ ಕೂಡುವ ತೋಡಿನಲ್ಲಿ ಸಣ್ಣ ಪಿನ್ ಇರುತ್ತದೆ, ರಿಂಗಿನ ಬಾಯಿ ಅಲ್ಲೇ ಕೂಡಬೇಕು. ಸಿಲಿಂಡರ್ ಇಳಿಸುವಾಗ ಬಲ ಬೀಳುತ್ತಿದೆ ಅನಿಸಿದರೆ ನಿಲ್ಲಿಸಿ, ರಿಂಗ್ ಪಿನ್ನಿನಿಂದ ಸರಿದಿರುತ್ತದೆ.

ಕೇಸ್ ಬಿಚ್ಚಿದ್ದರೆ ಎರಡೂ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೊಸದು ಹಾಕಿ, ಚೆನ್ನಾಗಿ ಕಂಡರೂ ಹಾಕಿ. ಟೂ ಸ್ಟ್ರೋಕಿನಲ್ಲಿ ಸೀಲ್ ಅಂದರೆ ಉಸಿರು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸ್ ಆಯಿಲನ್ನು ಇಂಜಿನ್ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ, ಗೇರ್ ಆಯಿಲ್ ಇಳಿಯುತ್ತಾ ಹೋಗುತ್ತದೆ. ಡೈನಮೊ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ಹೋಗಿ ಸ್ಲೋ (ರೇಸ್ ಬಿಟ್ಟಾಗಿನ ನಿಧಾನ ಓಟ) ನಿಲ್ಲುವುದಿಲ್ಲ, ತಾನಾಗೇ ರೇಸ್ ಏರುತ್ತದೆ, ಇಂಜಿನ್ ಬೇಗ ಕಾಯುತ್ತದೆ. ಕಾರ್ಬುರೇಟರ್ ತಿರುಗಿಸಿ ತಿರುಗಿಸಿ ಸುಸ್ತಾಗುವವರ ಗಾಡಿಯಲ್ಲಿ ಎಷ್ಟೋ ಸಲ ತಪ್ಪು ಈ ಸೀಲಿನದ್ದೇ.

ಸೈಲೆನ್ಸರ್ ಎರಡನ್ನೂ ಬಿಚ್ಚಿ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ತೆಗೆಯಿರಿ. ಕಪ್ಪು ಕಾರ್ಬನ್ ಗಟ್ಟಿಯಾಗಿ ಕೂತಿರುತ್ತದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಆದರೆ ಕೈಗವಸು, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ, ಅಲ್ಯೂಮಿನಿಯಂ ಭಾಗ ಯಾವುದನ್ನೂ ಅದರಲ್ಲಿ ಹಾಕಬೇಡಿ, ಕರಗಿಹೋಗುತ್ತದೆ.

ಟ್ಯಾಂಕು, ಕಾರ್ಬುರೇಟರ್

ಟ್ಯಾಂಕಿನ ಒಳಗಿನ ತುಕ್ಕಿಗೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಲೀಟರ್ ಬಿಸಿ ನೀರಿಗೆ ಸುಮಾರು 100 ಗ್ರಾಂ ಕಲಸಿ ಟ್ಯಾಂಕ್ ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡಾ ಹಾಕಿದ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ, ಒಳಗೆಲ್ಲ ಟೂಟಿ ಆಯಿಲ್ ಸವರುವ ಹಾಗೆ ಅಲ್ಲಾಡಿಸಿ. ಒಣಗಿಸುವುದು ತಡವಾದರೆ ಅರ್ಧ ಗಂಟೆಯಲ್ಲಿ ಹೊಸ ತುಕ್ಕು ಶುರು. ಟ್ಯಾಂಕ್ ತೂತಾಗಿದ್ದು ಬೆಸುಗೆ ಹಾಕಿಸಬೇಕಾದರೆ, ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ಸೋಪು ನೀರಿನಿಂದ ಮತ್ತೆ ಮತ್ತೆ ತೊಳೆಯಿರಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು, ಜೀವಕ್ಕೆ ಅಪಾಯ.

ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್. ಹಳೇ ರಬ್ಬರ್ ಪೈಪು, ವಾಷರುಗಳು ಇದಕ್ಕೆ ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ತಡೆಯುವ ಪೈಪು ಹಾಕಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟುಕೊಳ್ಳಬೇಡಿ.

ಕಾರ್ಬುರೇಟರಿನ ಜೆಟ್ಟುಗಳನ್ನು ತಂತಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ರೇಸ್ ಕೊಟ್ಟಾಗ ಕಾರ್ಬುರೇಟರಿನಲ್ಲಿ ಮೇಲೇಳುವ ಸ್ಲೈಡ್ ಸಡಿಲವಾಗಿ ಕಟಕಟ ಅಂದರೆ ಸ್ಲೋ ಎಂದೂ ಸರಿ ಬರುವುದಿಲ್ಲ, ಅದನ್ನು ಬದಲಿಸಲೇಬೇಕು.

ಕರೆಂಟು

ಹಳೇ ಜಾವಾ, ಯೆಜ್ಡಿ 6 ವೋಲ್ಟಿನವು. ವೈರಿನ ಉದ್ದಕ್ಕೂ ಬಿಗಿಯಾದ ಜೋಡಣೆ ಇಲ್ಲದಿದ್ದರೆ 6 ವೋಲ್ಟು ಬಲ್ಬಿಗೆ ಮುಟ್ಟುವಷ್ಟರಲ್ಲಿ ನಾಲ್ಕೂವರೆ ಆಗಿರುತ್ತದೆ. ಒಣಗಿ ಬಿರಿದ ವೈರಿಗೆ ಟೇಪು ಸುತ್ತುವುದು ಬಿಟ್ಟು ಪೂರ್ತಿ ಹೊಸ ವೈರಿಂಗ್ ಕಿಟ್ ಹಾಕಿ. ಅರ್ಥ್ ಕೂಡುವ ಜಾಗದಲ್ಲಿ ಬಣ್ಣ ಕೆರೆದು ಬರೀ ಕಬ್ಬಿಣ ಕಾಣುವ ಹಾಗೆ ಮಾಡಿ. ಪೇಂಟ್ ಆದ ಮೇಲೆ ಲೈಟು, ಹಾರ್ನು ಸತ್ತ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಅರ್ಥೇ.

ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಪಾಯಿಂಟಿನ ಮುಖ ಸಪಾಟಾಗಿರಲಿ, ಎಣ್ಣೆ ಇರಬಾರದು, ಕಂಡೆನ್ಸರ್ ಹೊಸದು ಹಾಕಿ. ಟೈಮಿಂಗ್ (ಕಿಡಿ ಬೀಳುವ ಸಮಯ) ನೋಡಲು ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು ಪಿಸ್ಟನ್ ತುದಿ ಮುಟ್ಟಿದ ಜಾಗ ಕಂಡುಕೊಳ್ಳಿ. ಅಲ್ಲಿಂದ ಹಿಂದಕ್ಕೆ ನಿಮ್ಮ ಮಾಡೆಲ್ಲಿನ ಮ್ಯಾನುಯಲ್ ಹೇಳಿದಷ್ಟು ತಿರುಗಿಸಿ, ಸರಿಯಾಗಿ ಆ ಜಾಗದಲ್ಲಿ ಪಾಯಿಂಟ್ ತೆರೆಯಬೇಕು. ಪಾಯಿಂಟಿಗೆ ಒಂದು ಸಣ್ಣ ಬಲ್ಬ್ ಕೂಡಿಸಿಕೊಂಡರೆ ತೆರೆದದ್ದು ಕಣ್ಣಿಗೇ ಕಾಣುತ್ತದೆ.

12 ವೋಲ್ಟಿಗೆ ಬದಲಿಸಬೇಕಾ ಅಂದರೆ, ರಾತ್ರಿ ಓಡಾಟ ಇದ್ದವರು ಬದಲಿಸಲಿ, ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಹಳೇ ಡೈನಮೊ, ರೆಗ್ಯುಲೇಟರ್ ಮಾತ್ರ ಎಣ್ಣೆ ಸವರಿ ಡಬ್ಬಿಯಲ್ಲಿ ಜೋಪಾನ ಮಾಡಿ.

ಬ್ರೇಕು, ಚಕ್ರ

ಇಲ್ಲಿ ಉಳಿತಾಯ ಬೇಡ. ಟೈರಿನ ಮೇಲೆ ಹಲ್ಲು (ಟ್ರೆಡ್) ಚೆನ್ನಾಗಿದ್ದರೂ ಪಕ್ಕ ಬಿರಿದಿದ್ದರೆ ಬದಲಿಸಿ. ಬ್ರೇಕ್ ಶೂ, ಕೇಬಲ್ ಎಲ್ಲ ಹೊಸದು. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಆ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹ್ಯಾಂಡಲ್ ತಿರುಗಿಸುವಾಗ ನಡುವೆ ಸಿಕ್ಕಿದ ಹಾಗೆ ಆದರೆ ಕೋನ್ ಸೆಟ್ (ಹ್ಯಾಂಡಲ್ ಕತ್ತಿನ ಬೇರಿಂಗ್) ಹೋಗಿದೆ.

ಬಣ್ಣಕ್ಕೆ ಮುಂಚೆ ಮೊದಲ ಕಿಕ್ಕು

ಬಣ್ಣ ಇಲ್ಲದೆ, ಕಿಲುಬಿನ ಮೈಯಲ್ಲೇ ಗಾಡಿ ಪೂರ್ತಿ ಜೋಡಿಸಿ. ಗೇರ್‌ಬಾಕ್ಸಿಗೆ ಲೆವೆಲ್ ಸ್ಕ್ರೂವರೆಗೆ ಆಯಿಲ್ ಹಾಕಿ. ಪೆಟ್ರೋಲಿಗೆ ಟೂಟಿ ಆಯಿಲ್ 1:20 ಲೆಕ್ಕದಲ್ಲಿ, ಅಂದರೆ ಲೀಟರಿಗೆ 50 ಮಿ.ಲೀ. ಮೊದಲು ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಹಿಡಿದು ಕಿಕ್ ಮಾಡಿ, ನೀಲಿ ಕಿಡಿ ಬರಬೇಕು. ಆಮೇಲೆ ಪ್ಲಗ್ ಹಾಕಿ, ಕಾರ್ಬುರೇಟರಿನ ಟಿಕ್ಲರ್ (ಪೆಟ್ರೋಲ್ ತುಂಬಿಸುವ ಸಣ್ಣ ಗುಂಡಿ) ಒತ್ತಿ ಪೆಟ್ರೋಲ್ ಜಿನುಗಿದ ಕೂಡಲೇ ಬಿಟ್ಟು ಕಿಕ್ ಮಾಡಿ. ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ನೆಂದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಪ್ಲಗ್ ತೆಗೆದು, ಪ್ಲಗ್ಗಿನ ವೈರನ್ನು ಆ ತೂತಿನಿಂದ ದೂರ ಇಟ್ಟು, ಪೂರ್ತಿ ರೇಸ್ ಕೊಟ್ಟು ಕಿಕ್ ಮಾಡಿ ಒಳಗಿನದನ್ನು ಖಾಲಿ ಮಾಡಿ.

ಶುರುವಾದ ಮೇಲೆ ಮೊದಲು ಬರುವ ದಟ್ಟ ಹೊಗೆಗೆ ಹೆದರಬೇಡಿ, ಹಾಕಿದ ಎಣ್ಣೆಯೆಲ್ಲ ಉರಿಯುತ್ತಿರುತ್ತದೆ. ಎರಡು ಮೂರು ನಿಮಿಷ ಓಡಿಸಿ ಬಂದ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಎದುರು ಬದುರಾಗಿ ಮತ್ತೊಮ್ಮೆ ಬಿಗಿ ಮಾಡಿ. ಹೀಗೆ ಓಡಿಸುತ್ತಾ ಸೋರಿಕೆ, ಸದ್ದು, ಗೇರ್ ಹಾರುವುದು, ಕ್ಲಚ್ ಜಾರುವುದು, ಇರುವ ತೊಂದರೆಯನ್ನೆಲ್ಲ ಈಗಲೇ ಹೊರಗೆ ತೆಗೆಯಿರಿ. ಹೊಸ ಬಣ್ಣದ ಫ್ರೇಮಿನಿಂದ ಇಂಜಿನ್ ಇಳಿಸುವುದು ಎಷ್ಟು ಸಂಕಟ ಅಂತ ಒಮ್ಮೆ ನೋಡಿದವರಿಗೆ ಗೊತ್ತು.

ಈಗ ಬಣ್ಣ

ಮೂಲ ಬಣ್ಣ ಅಲ್ಲಲ್ಲಿ ಉಳಿದಿದ್ದರೆ ದಯವಿಟ್ಟು ತೆಗೆಸಬೇಡಿ. ಪಾಲಿಶ್ ಮಾಡಿ ಹಾಗೇ ಇಡಿ. ಕಾರ್ಖಾನೆಯ ಕೈಯಿಂದ ಎಳೆದ ಗೆರೆ ಮತ್ತೆ ಹುಟ್ಟುವುದಿಲ್ಲ, ಅಲ್ವಾ? ಪೂರ್ತಿ ಹೋಗಿದ್ದರೆ ಮಾತ್ರ ಹೊಸದು. ಫೆಬ್ರವರಿಯಿಂದ ಮೇ ನಡುವೆ ಮಾಡಿಸಿ. ಧಾರವಾಡದ ಮಳೆಗಾಲದ ತೇವದಲ್ಲಿ ಹೊಡೆದ ಪೇಂಟ್ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ. ಗದಗ, ಅಣ್ಣಿಗೇರಿ ಕಡೆ ಬೇಸಿಗೆಯಲ್ಲಿ ಎರೆ ಮಣ್ಣಿನ ಧೂಳು, ಹಾಗಾಗಿ ಬೆಳಿಗ್ಗೆ ಬೇಗ ನೆಲಕ್ಕೆ ನೀರು ಚಿಮುಕಿಸಿ ಹೊಡೆಯಬೇಕು.

ಫ್ರೇಮಿಗೆ ಪೌಡರ್ ಕೋಟಿಂಗ್ ಗಟ್ಟಿ. ಆದರೆ ಬೇರಿಂಗ್ ಕೂಡುವ ಜಾಗ, ಬೋಲ್ಟ್ ತಿರುಪಿನ ತೂತುಗಳು, ಅರ್ಥ್ ಜಾಗ ಮುಚ್ಚಿಯೇ ಕೊಡಿ. ಚಾಸಿ ನಂಬರಿನ ಮೇಲೆ ದಪ್ಪ ಕೋಟಿಂಗ್ ಕೂತರೆ ಅಕ್ಷರ ಮುಚ್ಚಿಹೋಗುತ್ತದೆ, ಆರ್‌ಟಿಓದಲ್ಲಿ ತೋರಿಸುವಾಗ ತೊಂದರೆ. ಅಲ್ಲಿ ಟೇಪು ಹಚ್ಚಿ, ಆಮೇಲೆ ಬ್ರಷ್ಷಿನಿಂದ ತೆಳುವಾಗಿ ಬಣ್ಣ ಕೊಡಿ.

ರಸ್ತೆಗೆ

ಮೊದಲ 500 ಕಿ.ಮೀ. 50ರ ಮೇಲೆ ಹೋಗಬೇಡಿ, ಒಂದೇ ವೇಗದಲ್ಲೂ ಬಹಳ ಹೊತ್ತು ಓಡಿಸಬೇಡಿ. ಹುಬ್ಬಳ್ಳಿ-ಧಾರವಾಡ ನಡುವಿನ ರಸ್ತೆಯ ದಟ್ಟಣೆ ಇದಕ್ಕೆ ಹೊಂದುವುದಿಲ್ಲ. ಬೆಳಿಗ್ಗೆ ಕುಸುಗಲ್ ಕಡೆ ಹೋಗಿ, ಸಪಾಟು ರಸ್ತೆ, ನಡುವೆ ನಿಲ್ಲಿಸಿ ಚಹಾ ಕುಡಿದು ಇಂಜಿನ್ ತಣ್ಣಗಾಗಲು ಬಿಟ್ಟು ಬನ್ನಿ. ಗದಗಿನವರಿಗೆ ಮುಳಗುಂದ ರಸ್ತೆ, ಹಾವೇರಿಯವರಿಗೆ ಹಾನಗಲ್ ರಸ್ತೆ. ಆಮೇಲೆ ಎಣ್ಣೆಯನ್ನು 1:25ಕ್ಕೆ, ಅಂದರೆ ಲೀಟರಿಗೆ 40 ಮಿ.ಲೀ.ಗೆ ಇಳಿಸಬಹುದು. ಪ್ಲಗ್ ಬಿಚ್ಚಿ ನೋಡುತ್ತಿರಿ. ಬೆಲ್ಲದ ಬಣ್ಣ ಇದ್ದರೆ ಸರಿ, ಬೂದಿಯ ಹಾಗೆ ಬೆಳ್ಳಗಿದ್ದರೆ ಕೂಡಲೇ ಓಡಿಸುವುದು ನಿಲ್ಲಿಸಿ ಗಾಳಿ ಸೋರಿಕೆ ಹುಡುಕಿ.

ಅಂಕೋಲಾ ಕಡೆ ಅರಬೈಲ್ ಘಾಟ್ ಇಳಿಯುವಾಗ ಒಂದು ಎಚ್ಚರ. ಈ ಇಂಜಿನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಯಲ್ಲೇ. ರೇಸ್ ಪೂರ್ತಿ ಬಿಟ್ಟು ಗೇರಿನಲ್ಲೇ ಉದ್ದಕ್ಕೆ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದೆ ಹಿಡಿದುಕೊಳ್ಳಬಹುದು. ನಡು ನಡುವೆ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡುತ್ತಾ ಇಳಿಯಿರಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ. ಟ್ಯಾಂಕಿನ ಒಳಗೆ ಟೂಟಿ ಆಯಿಲ್ ಸವರಿ, ಪ್ಲಗ್ ತೂತಿನಿಂದಲೂ ಒಂದೆರಡು ಚಮಚ ಹಾಕಿ ಮೆಲ್ಲಗೆ ಕಿಕ್ ತಿರುಗಿಸಿ ಪ್ಲಗ್ ಹಾಕಿಡಿ. ಬ್ಯಾಟರಿ ಬಿಚ್ಚಿ ಒಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಪ್ಲಾಸ್ಟಿಕ್ ತಾಡಪತ್ರಿ ಮುಚ್ಚಬೇಡಿ, ಒಳಗೆ ಬೆವರು ಹಿಡಿದು ಕ್ರೋಮಿಗೆ ತುಕ್ಕು ಬರುತ್ತದೆ. ಹಳೇ ಹತ್ತಿ ಚಾದರ ಹೊದಿಸಿ, ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ.